ಗೂನಿ – ನೋಡಿ: ಪರಂಜ್ಯೋತಿ

“ವಾಸಿಯಾದ ಮೇಲೂ ಇವರನ್ನೆಲ್ಲ ಕುರುಡ, ಕುಂಟ, ಮೂಕ ಅಂತಲೇ ಯಾಕೆ ಬರೆದಿದ್ದಾರೆ, ಅಮ್ಮ?”

ಹೀಗೆ ಕೇಳಿದವಳು ಪ್ರಿಸ್ಕಿಲ್ಲ. ಸ್ತ್ರೀಯರ ಕೂಟದಲ್ಲಿ ಓದುವುದಕ್ಕೆಂದು ಚರ್ಚಿನ ಸಭೆಯವರು ಒಂದು ಪುಸ್ತಕ ತರಿಸಿದ್ದರು. ಸ್ವಾಮಿಯ ಕೈಯಿಂದ ವಾಸಿಯಾದವರ ಕತೆಗಳು ಅದರಲ್ಲಿ ಇದ್ದವು. ಪ್ರಿಸ್ಕಿಲ್ಲ ಪುಸ್ತಕವನ್ನು ಮುಂದಿನಿಂದ ಓದುವವಳಲ್ಲ. ಯಾವುದನ್ನು ಕೊಟ್ಟರೂ ಹಿಂದಿನ ಹಾಳೆಯಿಂದ ತೆಗೆಯುತ್ತಾಳೆ. ಅಲ್ಲಿ ಅಕಾರಾದಿಯಾಗಿ ಒಂದು ಪಟ್ಟಿ ಇತ್ತು. ಎದುರಿಗೆ ಪುಟದ ಸಂಖ್ಯೆ ಇತ್ತು. ಕಣ್ಣು ಬಂದವನು ಕಕಾರದಲ್ಲಿ ಕುರುಡನಾಗಿಯೇ ಕುಳಿತಿದ್ದ. ಎದ್ದು ಹಾಸಿಗೆ ಹೊತ್ತುಕೊಂಡು ಮನೆಗೆ ಹೋದವನು ಪಕಾರದಲ್ಲಿ ಪಾರ್ಶ್ವವಾಯುವಿನವನಾಗಿ ಇನ್ನೂ ಮಲಗಿದ್ದ.

ಕೂಟ ನಡೆಸುವವಳು ಎಸ್ತೇರಮ್ಮ. ಶಾಲೆಯಲ್ಲಿ ಹೆಚ್ಚು ಕಲಿತವಳಲ್ಲ. ಆದರೆ ಆಕೆಯ ಮುಂದೆ ಪ್ರಶ್ನೆ ಕೇಳುವಾಗ ಓದಿದವರು ಕೂಡ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಆಕೆ ಪುಸ್ತಕವನ್ನು ಮುಚ್ಚಿಸಿದಳು. ಕತೆ ಹೇಳಿದಳು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಹುಟ್ಟುವಾಗ ಎಲ್ಲರ ಹಾಗೆಯೇ ಇದ್ದಳು. ದೀಕ್ಷಾಸ್ನಾನದ ದಿನ ಅಪ್ಪ ಇಟ್ಟ ಹೆಸರು ಪರಂಜ್ಯೋತಿ. ಆ ಹೆಸರನ್ನು ಊರು ಕೇಳಿದ್ದು ಅವತ್ತು ಒಂದು ಸಲ. ಆಮೇಲೆ ಒಂದು ಜ್ವರ ಬಂತು, ಬೆನ್ನು ಬಗ್ಗಿತು, ಊರು ಅವಳನ್ನು ಗೂನಿ ಎಂದು ಕರೆಯಿತು. ಕೆಟ್ಟ ಮನಸ್ಸಿನಿಂದ ಅಲ್ಲ. ಆ ಊರಿನ ರೂಢಿಯೇ ಹಾಗೆ. ತಲೆಯಲ್ಲಿ ಕೂದಲಿಲ್ಲದವನು ಬೋಳ, ಉದ್ದಕ್ಕೆ ಬೆಳೆದವನು ಒನಕೆ, ಮೂಗು ದಪ್ಪಗಿದ್ದವಳು ಬದನೆ. ಸಭೆಯ ಒಬ್ಬ ಹಿರಿಯನಿಗೂ ಒಂದು ಹೆಸರಿತ್ತು. ಅದನ್ನು ನಾನು ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರ ಕಾಣಿಕೆ ತಟ್ಟೆ ಹಿಡಿದು ಬರುವ ಯಾರನ್ನು ಕಂಡರೂ ನಿಮಗೆ ನಗು ಬರುತ್ತದೆ.

ಬಗ್ಗಿದವಳಿಗೆ ಮುಖ ಕಾಣುತ್ತಿರಲಿಲ್ಲ. ಕಾಲು ಕಾಣುತ್ತಿತ್ತು. ಊರಿನವರನ್ನೆಲ್ಲ ಅವಳು ಪಾದದಿಂದಲೇ ಗುರುತು ಹಿಡಿಯುತ್ತಿದ್ದಳು. ಒಡೆದ ಹಿಮ್ಮಡಿ ಇಂಥವಳದು, ಒಂದೇ ಕಡೆ ಸವೆದ ಚಪ್ಪಲಿ ಇಂಥವನದು. ಯಾವ ಚಪ್ಪಲಿ ಯಾರ ಮನೆಯ ಹಿತ್ತಿಲ ಬಾಗಿಲಲ್ಲಿ ಬಿಟ್ಟಿದೆ ಎಂಬುದೂ ಅವಳಿಗೆ ಕಾಣುತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಆ ಊರಿನಲ್ಲಿ ಕೆಲವು ಸಂಸಾರಗಳು ಬೀದಿಗೆ ಬರುತ್ತಿದ್ದವು. ಅಂಥ ಬಾಯಿಯನ್ನು ದೇವರು ಎಲ್ಲರಿಗೂ ಕೊಡುವುದಿಲ್ಲ.

ಒಂದು ಭಾನುವಾರ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತರು. ಹಿಂದಿನ ಸಾಲಿನಲ್ಲಿ ಅವಳೂ ಎದ್ದಳು. ಎದ್ದವಳು ಏಳುತ್ತಲೇ ಹೋದಳು. ಪ್ರಾರ್ಥನೆ ಮುಗಿದು ಜನ ಕಣ್ಣು ಬಿಟ್ಟು ನೋಡಿದರೆ, ಸಭೆಯ ಹೆಂಗಸರಲ್ಲಿ ಎಲ್ಲರಿಗಿಂತ ಎತ್ತರ ಅವಳೇ ಇದ್ದಳು.

ಹೇಗಾಯಿತು ಎಂದು ನನ್ನನ್ನು ಕೇಳಬೇಡಿ. ಸ್ವಾಮಿ ಮಾಡಿದ. ಮಾಡುವುದನ್ನು ಮಾಡಿ ಅವನು ಹೋದ. ಉಳಿದದ್ದು ಊರಿಗೆ ಬಿಟ್ಟದ್ದು.

ಊರು ಒಂದು ವಾರ ಸ್ತೋತ್ರ ಹಾಡಿತು. ಎರಡನೆಯ ವಾರದಿಂದ ಮಾತಾಡಿತು. ಮೊದಲಿನಿಂದಲೂ ಬೇಕೆಂದೇ ಬಗ್ಗಿ ನಡೆಯುತ್ತಿದ್ದಳು, ನೀರು ಹೊರುವುದು ತಪ್ಪಲಿ ಎಂದು, ಅಂದಳು ಒಬ್ಬಳು. ನೆಟ್ಟಗಾದದ್ದು ಸರಿ, ಈಗ ಕಾಂಪೌಂಡಿನ ಆಚೆ ಇಣುಕಿ ನೋಡುತ್ತಾಳಲ್ಲ, ನಾವು ಹಿತ್ತಿಲಲ್ಲಿ ತಲೆ ಸ್ನಾನ ಮಾಡುವುದು ಹೇಗೆ, ಅಂದಳು ಇನ್ನೊಬ್ಬಳು. ಪರಂಜ್ಯೋತಿ ಇಣುಕುತ್ತಿರಲಿಲ್ಲ. ಅವಳು ನಿಂತರೆ ಗೋಡೆಯೇ ಅವಳ ಎದೆಯ ಮಟ್ಟಕ್ಕೆ ಬರುತ್ತಿತ್ತು. ಇನ್ನೊಂದು ಸಂಗತಿಯೂ ಇತ್ತು. ಅವಳಿಗೆ ಮುಖಗಳ ಗುರುತು ಇರಲಿಲ್ಲ. ಎದುರಿಗೆ ಬಂದವರು ಮಾತಾಡಿಸಿದರೆ, ಯಾರು ಎಂದು ತಿಳಿಯಲು ಅವಳು ಬಗ್ಗಿ ಅವರ ಕಾಲು ನೋಡಬೇಕಾಗಿತ್ತು. ನೋಡಿದಿರಾ, ಇನ್ನೂ ಬಗ್ಗುತ್ತಾಳೆ, ಎಂದು ಊರು ಹೇಳಿಕೊಂಡಿತು. ಗೂನಿ ಎಂಬ ಹೆಸರು ಹೋಗಲಿಲ್ಲ.

ಆ ಊರಿನ ಸಭೆಯನ್ನು ನೋಡಿಕೊಳ್ಳುವವನು ಒಬ್ಬ ಉಪದೇಶಿ. ಒಳ್ಳೆಯವನು. ಸುತ್ತಲಿನ ಸಭೆಗಳಲ್ಲಿ ವಾಸಿಯಾದವರ ಕತೆಗಳನ್ನೆಲ್ಲ ಸೇರಿಸಿ ಅವನು ಒಂದು ಪುಸ್ತಕ ಮಾಡಿದ. ಕತೆಗಿಂತ ಹೆಚ್ಚು ಶ್ರಮ ಪಟ್ಟದ್ದು ಅದರ ಹಿಂದು ಮುಂದಿನ ಹಾಳೆಗಳಿಗೆ. ಮುಂದೆ ಯಾವ ಊರಿನ ಕತೆ ಎಲ್ಲಿದೆ ಎಂಬ ವಿಷಯಸೂಚಿ. ಪ್ರತಿ ಕತೆಯ ಅಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿ, ಅದರಲ್ಲಿ ಕಣ್ಣಾರೆ ಕಂಡವರ ಹೆಸರು. ಹಿಂದೆ ಕಠಿಣ ಪದಗಳ ಅರ್ಥ. ಎಲ್ಲಕ್ಕಿಂತ ಕೊನೆಗೆ ಅಕಾರಾದಿ. ರೋಗಿಗಳು ಔಷಧಿ ಹುಡುಕುವ ಹಾಗೆ ಓದುವವರು ಬರುತ್ತಾರೆ, ಅವರಿಗೆ ಬೇಕಾದದ್ದು ತಟ್ಟನೆ ಸಿಗಬೇಕು, ಎಂದು ಅವನು ಹೇಳುತ್ತಿದ್ದ. ಯೋಚನೆ ಸರಿಯಾಗಿಯೇ ಇತ್ತು.

ಪರಂಜ್ಯೋತಿಯ ಕತೆಯನ್ನೂ ಬರೆದ. ಚೆನ್ನಾಗಿಯೇ ಬರೆದ. ಇನ್ನೂ ಮದುವೆಯಾಗಿಲ್ಲ ಎಂಬುದನ್ನೂ ಬರೆದು, ಕೊನೆಯ ಸಾಲಿನಲ್ಲಿ ಅವಳ ಹೆಸರು ಹಾಕಿದ. ಅಡಿಯ ಟಿಪ್ಪಣಿಯಲ್ಲಿ ಕಣ್ಣಾರೆ ಕಂಡವರು ಎಂದು ತನ್ನ ಹೆಂಡತಿಯ ಹೆಸರನ್ನೇ ಹಾಕಿದ. ಆ ಪುಸ್ತಕದಲ್ಲಿ ಉಪದೇಶಿಯ ಹೆಂಡತಿ ಓದಿದ್ದು ಅಷ್ಟು ಮಾತ್ರ. ಬಂದವರಿಗೆಲ್ಲ ಆ ಪುಟ ತೆಗೆದು, ಮೇಲಿನದನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, ತನ್ನ ಹೆಸರನ್ನು ತೋರಿಸುತ್ತಿದ್ದಳು.

ಅಕಾರಾದಿ ಮಾಡುವಾಗ ಉಪದೇಶಿಗೆ ಗೊಂದಲ ಬಂತು. ಮೊದಲು ಗಕಾರದಲ್ಲಿ ‘ಗೂನಿ’ ಎಂದು ಬರೆದ. ಪುಟದ ಸಂಖ್ಯೆ ಹಾಕಲು ಹೋದವನು, ಅಯ್ಯೋ, ಹೆಸರಿರುವಾಗ ಹೀಗೆ ಬರೆಯುವುದು ಸರಿಯಲ್ಲ ಎಂದು, ‘ನೋಡಿ: ಪರಂಜ್ಯೋತಿ’ ಎಂದು ಬರೆದ. ಕೆಲವು ದಿನ ಕಳೆದು ಪಕಾರಕ್ಕೆ ಬಂದ. ‘ಪರಂಜ್ಯೋತಿ’ ಎಂದು ಬರೆದ. ಈ ಹೆಸರು ಯಾರಿಗೆ ತಿಳಿಯುತ್ತದೆ, ಹುಡುಕುವವರಿಗೆ ಅನುಕೂಲವಾಗಲಿ ಎಂದು, ‘ನೋಡಿ: ಗೂನಿ’ ಎಂದು ಬರೆದ. ಪುಟದ ಸಂಖ್ಯೆ ಎರಡು ಹೆಸರುಗಳ ನಡುವೆ ಬಿದ್ದುಹೋಯಿತು. ಅವನಿಗೂ ತಿಳಿಯಲಿಲ್ಲ, ಅಚ್ಚು ಹಾಕಿದವನಿಗೂ ತಿಳಿಯಲಿಲ್ಲ.

ಪಕ್ಕದ ತಾಲ್ಲೂಕಿನಲ್ಲಿ ಒಬ್ಬ ಬಡಗಿ ಇದ್ದ. ಹೆಂಡತಿ ತೀರಿಕೊಂಡಿದ್ದಳು. ಅಲ್ಲಿನ ಸಭೆಯ ಬೆಂಚು ರಿಪೇರಿ ಮಾಡಲು ಹೋದಾಗ ಈ ಪುಸ್ತಕ ಅವನ ಕೈಗೆ ಸಿಕ್ಕಿತು. ಮರ ಅಳೆಯುವವನು ಒಂದು ತುದಿಯಿಂದ ಶುರುಮಾಡುತ್ತಾನೆ. ಪುಸ್ತಕವನ್ನೂ ಹಾಗೆಯೇ ಓದಿದ. ಓದುತ್ತ ಓದುತ್ತ ಪರಂಜ್ಯೋತಿಯ ಕತೆಗೆ ಬಂದ. ಅದನ್ನು ಮತ್ತೊಮ್ಮೆ ಓದಿದ. ಬೆಂಚಿನ ಕೆಲಸ ಅವತ್ತು ಅಲ್ಲಿಗೇ ನಿಂತಿತು.

ಅವನಿಗೆ ಒಬ್ಬ ಸೋದರತ್ತೆ ಇದ್ದಳು. ಅವನಿಗೆ ಹೆಣ್ಣು ನೋಡುವ ಅಧಿಕಾರವೆಲ್ಲ ಆಕೆಯದು. ಈ ಹೆಣ್ಣಿನ ಮನೆಗೆ ಹೋಗಿ ಕೇಳೋಣ ಎಂದು ಅವನು ಹೇಳಿದಾಗ, ಆಕೆ ಪುಸ್ತಕ ಕೊಡು ಎಂದಳು. ಕತೆ ಓದಲಿಲ್ಲ. ಹಿಂದಿನ ಹಾಳೆ ತೆಗೆದಳು. ಪಕಾರದಲ್ಲಿ ಪರಂಜ್ಯೋತಿ ಸಿಕ್ಕಿದಳು. ‘ನೋಡಿ: ಗೂನಿ’ ಎಂದಿತ್ತು. ಬೆರಳಿಗೆ ಎಂಜಲು ಹಚ್ಚಿ ಗಕಾರಕ್ಕೆ ಹೋದಳು. ‘ನೋಡಿ: ಪರಂಜ್ಯೋತಿ’ ಎಂದಿತ್ತು. ಮತ್ತೆ ಪಕಾರಕ್ಕೆ ಬಂದಳು. ಮತ್ತೆ ಗಕಾರಕ್ಕೆ ಹೋದಳು. ಗಾಣದ ಎತ್ತಿನ ಹಾಗೆ ಸುತ್ತಿದಳು. ಕೊನೆಗೆ ಸಾಕಾಗಿ ಕಠಿಣ ಪದಗಳ ಅರ್ಥ ತೆಗೆದಳು. ಅಲ್ಲಿ ಗೂನಿ ಎಂದರೆ ಬೆನ್ನು ಬಗ್ಗಿದವಳು ಎಂದು ಸ್ಪಷ್ಟವಾಗಿ ಬರೆದಿತ್ತು. ಪುಸ್ತಕ ಮುಚ್ಚಿದಳು. ಇವಳು ಬೇಡ ಎಂದಳು.

ಬಡಗಿ ಆಕೆಗೆ ಕತೆಯ ಪುಟ ತೆಗೆದು ಕೊಟ್ಟ. ಆಕೆ ತಳ್ಳಿದಳು. ಹಿಂದಿನ ಹಾಳೆಯಲ್ಲಿ ಊರಿಗೆಲ್ಲ ಗೊತ್ತಿರುವುದನ್ನು ಬರೆದಿದ್ದಾರೆ, ಮುಂದಿನದು ಉಪದೇಶಿಯ ಅಲಂಕಾರ, ಎಂದಳು.

ಬಡಗಿ ಮಾರನೆಯ ದಿನ ತಾನೇ ಬಸ್ಸು ಹತ್ತಿದ.

ಊರಿಗೆ ಬಂದು ಇಳಿದ. ಬಸ್ಸು ನಿಲ್ಲುವ ಕಡೆ ಅಂಗಡಿಯವನನ್ನು ಕೇಳಿದ, ಪರಂಜ್ಯೋತಿಯವರ ಮನೆ ಎಲ್ಲಿ ಎಂದು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದ ಅಂಗಡಿಯವನು. ನಲ್ಲಿಯ ಹತ್ತಿರ ಹೆಂಗಸರನ್ನು ಕೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಇಲ್ಲ ಎಂದರು. ಗೂನಿ ಎಂದು ಕೇಳಿದ್ದರೆ ಎಲ್ಲರೂ ಎದ್ದು ಬಂದು ದಾರಿ ತೋರಿಸುತ್ತಿದ್ದರು. ಆದರೆ ಅವನು ಹೆಣ್ಣು ಕೇಳಲು ಬಂದವನು. ಆ ಮಾತನ್ನು ಬಾಯಿಗೆ ತರಲಿಲ್ಲ. ತರುವಂಥವನಾಗಿದ್ದರೆ ಅವನು ಬರುತ್ತಲೇ ಇರಲಿಲ್ಲ.

ಕೊನೆಗೆ ಉಪದೇಶಿಯ ಮನೆಗೆ ಹೋದ. ಉಪದೇಶಿ ಬೇರೆ ಊರಿಗೆ ಹೋಗಿದ್ದ. ಹೆಂಡತಿ ಬಾಗಿಲಿಗೆ ಬಂದಳು. ಇವನನ್ನು ಮೇಲಿಂದ ಕೆಳಗೆ ನೋಡಿದಳು. ಒಗೆದ ಅಂಗಿ, ಕಿವಿಯ ಮೇಲೆ ಪೆನ್ಸಿಲ್ಲು, ಕೈಯಲ್ಲಿ ಹಣ್ಣಿನ ಚೀಲ. ಪರಂಜ್ಯೋತಿ ಎಂಬವಳು ಯಾರೂ ನಮ್ಮ ಸಭೆಯಲ್ಲಿ ಇಲ್ಲವಲ್ಲ ಎಂದಳು. ಆಕೆಗೆ ಹೆಸರು ಗೊತ್ತಿತ್ತೋ ಇಲ್ಲವೋ ದೇವರಿಗೆ ಗೊತ್ತು. ಆಕೆಯ ತಂಗಿಯ ಮಗಳಿಗೂ ಆಗ ಗಂಡು ಹುಡುಕುತ್ತಿದ್ದರು ಎಂಬುದು ಮಾತ್ರ ನನಗೆ ಗೊತ್ತು. ಹಣ್ಣಿನ ಚೀಲವನ್ನು ಇಲ್ಲೇ ಇಟ್ಟುಹೋಗಿ, ಭಾರ ಯಾಕೆ ಹೊರುತ್ತೀರಿ, ಎಂದಳಂತೆ. ಅವನು ಇಡಲಿಲ್ಲ.

ಅವನು ತಿರುಗಿ ಹೋಗುವ ದಾರಿ ಪರಂಜ್ಯೋತಿಯ ಮನೆಯ ಹಿಂದೆಯೇ ಇತ್ತು. ಅವಳು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಳು. ಗೋಡೆಯ ಮೇಲಿಂದ ಒಂದು ತಲೆ ಹಾದುಹೋಗುವುದನ್ನು ಕಂಡಳು. ಕಿವಿಯ ಮೇಲೆ ಪೆನ್ಸಿಲ್ಲು ಇತ್ತು. ಯಾರೋ ಪರಸ್ಥಳದವನು, ದಣಿದಿದ್ದಾನೆ, ಎಂದುಕೊಂಡಳು. ಅವನೂ ಅವಳನ್ನು ಕಂಡ. ಇಷ್ಟು ನೆಟ್ಟಗೆ ನಿಂತ ಹೆಂಗಸು ತಾನು ಹುಡುಕುವವಳಾಗಿರಲಾರಳು ಎಂದು ಅವನಿಗೂ ಅನ್ನಿಸಿರಬೇಕು. ಹಿಂದಿನ ಹಾಳೆಯನ್ನು ಅವನೂ ನೋಡಿದ್ದನಲ್ಲ. ಅಷ್ಟರ ಮಟ್ಟಿಗೆ ಅದು ಅವನಿಗೂ ಅಂಟಿತ್ತು.

ಅವನು ಊರಿಗೆ ಹೋಗಿ ಅತ್ತೆಗೆ ಹೇಳಿದ, ಅಂಥವಳು ಅಲ್ಲಿ ಇಲ್ಲ ಎಂದು. ಅತ್ತೆ ಅದನ್ನು ಅಲ್ಲಿಗೇ ಬಿಡಲಿಲ್ಲ. ಆ ಪುಸ್ತಕದ ಕತೆಯೇ ಸುಳ್ಳು, ವಾಸಿಯಾದವಳು ಯಾರೂ ಇಲ್ಲವಂತೆ, ಎಂದು ಎರಡು ತಾಲ್ಲೂಕಿಗೆ ಹೇಳಿದಳು. ಆ ಮಾತು ತಿರುಗಿ ತಿರುಗಿ ಒಂದು ದಿನ ಪರಂಜ್ಯೋತಿಯ ಕಿವಿಗೆ ಬಿತ್ತು. ಪರಂಜ್ಯೋತಿ ಎಂಬವಳನ್ನು ಹೆಣ್ಣು ಕೇಳಲು ಬಂದಿದ್ದ ಪಕ್ಕದ ತಾಲ್ಲೂಕಿನ ಬಡಗಿಯ ಕಿವಿಯ ಮೇಲೆ ಪೆನ್ಸಿಲ್ಲು ಇತ್ತು ಎಂಬುದನ್ನೂ ಯಾರೋ ನಗುತ್ತ ಹೇಳಿದರು.

ಅವಳು ಉಪದೇಶಿಯ ಮನೆಗೆ ಹೋದಳು. ಪುಸ್ತಕ ಕೈಯಲ್ಲಿ ಇತ್ತು. ಕೂರಲಿಲ್ಲ.

“ಉಪದೇಶಿಗಳೇ, ಇದರಲ್ಲಿ ನಾನು ಎಲ್ಲಿದ್ದೇನೆ?” ಎಂದು ಕೇಳಿದಳು.

“ಗಕಾರದಲ್ಲಿ ನೋಡಮ್ಮ.”

“ನೋಡಿದೆ. ಪಕಾರಕ್ಕೆ ಹೋಗು ಅನ್ನುತ್ತದೆ. ಅಲ್ಲಿಗೆ ಹೋದರೆ ಗಕಾರಕ್ಕೆ ಹೋಗು ಅನ್ನುತ್ತದೆ. ನಾನು ನೆಟ್ಟಗಾದ ಪುಟಕ್ಕೆ ಯಾವ ಕಡೆಯಿಂದ ಹೋಗಬೇಕು?”

ಉಪದೇಶಿ ಹಾಳೆ ತಿರುಗಿಸಿದ. ಆಗ ಅವನಿಗೆ ಕಂಡಿತು. “ಹುಡುಕುವವರಿಗೆ ಅನುಕೂಲವಾಗಲಿ ಅಂತ ಹಾಗೆ ಬರೆದೆ, ತಾಯಿ,” ಎಂದ. “ಪರಂಜ್ಯೋತಿ ಅಂದರೆ ಯಾರಿಗೆ ಗೊತ್ತಾಗುತ್ತದೆ?”

“ಹುಡುಕುವವನು ಬಂದಿದ್ದ. ಪರಂಜ್ಯೋತಿ ಅಂತಲೇ ಕೇಳಿದ್ದ.”

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತುಹೋಯಿತು. ಉಪದೇಶಿಯ ಹೆಂಡತಿ ಹೊರಗೆ ಬರಲಿಲ್ಲ.

ಉಪದೇಶಿ ನ್ಯಾಯವಂತನೇ. ತಪ್ಪು ಒಪ್ಪು ಎಂದು ಒಂದು ಚೀಟಿ ಅಚ್ಚು ಹಾಕಿಸಿದ. ‘ಗೂನಿ ಎಂದಿರುವಲ್ಲಿ ಪರಂಜ್ಯೋತಿ ಎಂದು ಓದಿಕೊಳ್ಳಿರಿ’ ಎಂದು ಅದರಲ್ಲಿ ಇತ್ತು. ಪುಟದ ಸಂಖ್ಯೆಯೂ ಇತ್ತು. ಕೈಗೆ ಸಿಕ್ಕ ಪುಸ್ತಕಗಳಿಗೆಲ್ಲ ಗಂಜಿ ಹಚ್ಚಿ ಅಂಟಿಸಿದ. ಆರಾಧನೆಯ ಕೊನೆಗೆ ಸಭೆಯ ಮುಂದೆ ಓದಿಯೂ ಹೇಳಿದ. ಸಭೆ ಆಮೆನ್ ಎಂದಿತು.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬಳು ಮೆಲ್ಲಗೆ ಹೇಳಿದಳು, ದಾರಿ ಬಿಡಿ, ‘ಓದಿಕೊಳ್ಳಿರಿ’ ಬರುತ್ತಿದ್ದಾಳೆ, ಎಂದು. ಎಲ್ಲರೂ ಬಾಯಿಗೆ ಸೆರಗು ಇಟ್ಟುಕೊಂಡರು. ಆವತ್ತಿನಿಂದ ಅವಳಿಗೆ ಎರಡು ಅಡ್ಡ ಹೆಸರುಗಳಾದವು. ಹಳಬರು ಗೂನಿ ಎಂದರು. ಹೊಸಬರು ಓದಿಕೊಳ್ಳಿರಿ ಎಂದರು. ಚೀಟಿ ಮಾತ್ರ ಗಟ್ಟಿಯಾಗಿ ಅಂಟಿಕೊಂಡಿತ್ತು.

ಪರಂಜ್ಯೋತಿ ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಆ ಊರಿನ ಚಪ್ಪಲಿಗಳ ಕತೆ ಎಲ್ಲ ಅವಳಿಗೆ ಗೊತ್ತಿತ್ತು ಎಂದೆನಲ್ಲ. ನಾನಾಗಿದ್ದರೆ ಆ ಚರ್ಚಿನ ಮೆಟ್ಟಿಲ ಮೇಲೆಯೇ ಒಂದೊಂದಾಗಿ ಹೇಳಿಬಿಡುತ್ತಿದ್ದೆ. ಅವಳು ಹೇಳಲಿಲ್ಲ. ಮನೆಗೆ ಹೋದಳು. ಒಂದು ಬೆಳಿಗ್ಗೆ ತಲೆ ಬಾಚಿಕೊಂಡು, ಬಾಗಿಲು ಎಳೆದುಕೊಂಡು, ಬಸ್ಸು ನಿಲ್ಲುವ ಕಡೆಗೆ ನಡೆದಳು. ಪುಸ್ತಕ ತೆಗೆದುಕೊಳ್ಳಲಿಲ್ಲ. ಚೀಟಿಯನ್ನೂ ತೆಗೆದುಕೊಳ್ಳಲಿಲ್ಲ. ಎಲ್ಲಿಗೆ ಹೊರಟಿದ್ದಾಳೆ ಎಂದು ಯಾರಿಗೂ ಹೇಳುವ ಅಗತ್ಯ ಇರಲಿಲ್ಲ. ಗಂಡಿನ ಮನೆಗೆ ತಾನೇ ಹುಡುಕಿಕೊಂಡು ಹೋಗುವ ಹೆಣ್ಣನ್ನು ಆ ಊರು ಮೊದಲು ಕಂಡಿರಲಿಲ್ಲ. ಬಾಗಿಲು ಬಾಗಿಲಿಗೆ ಜನ ನಿಂತಿತ್ತು. ಒಲೆಯ ಮೇಲೆ ಹಾಲು ಉಕ್ಕಿದ್ದನ್ನೂ ಯಾರೂ ನೋಡಲಿಲ್ಲ.

ಉಪದೇಶಿಯ ಹೆಂಡತಿಯೂ ಬಾಗಿಲಿಗೆ ಬಂದಿದ್ದಳು. ಆಕೆಯ ಮನಸ್ಸಿನಲ್ಲಿ ಏನಿತ್ತೋ. ತಡೆಯಬೇಕೆಂದಿತ್ತೋ, ಕ್ಷಮೆ ಕೇಳಬೇಕೆಂದಿತ್ತೋ, ಬರೇ ತಿಳಿದುಕೊಳ್ಳಬೇಕೆಂದಿತ್ತೋ. “ಎಲ್ಲಿಗೆ ಹೊರಟೆ, ಗೂನಿ?” ಎಂದು ಕೂಗಿದಳು.

ಪರಂಜ್ಯೋತಿ ತಿರುಗಲಿಲ್ಲ. ಆಕೆ ಇನ್ನೂ ಗಟ್ಟಿಯಾಗಿ ಕೂಗಿದಳು. ಕೇಳಿಸದಷ್ಟು ದೂರ ಇರಲಿಲ್ಲ. ಬೀದಿಯ ನಾಯಿ ಕೂಡ ತಿರುಗಿ ನೋಡಿತು. ಪರಂಜ್ಯೋತಿ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ನಡೆದುಹೋದಳು. ಬಸ್ಸು ಬಂತು. ಹತ್ತುವಾಗ ಬಾಗಿಲು ತಗ್ಗಾಗಿತ್ತು. ತಲೆ ಸ್ವಲ್ಪ ತಗ್ಗಿಸಿ ಹತ್ತಿದಳು.

ಎಸ್ತೇರಮ್ಮ ಅಲ್ಲಿಗೆ ನಿಲ್ಲಿಸಿದಳು. ಪಕ್ಕದಲ್ಲಿದ್ದ ನೀರಿನ ಲೋಟ ತೆಗೆದುಕೊಂಡು ನಿಧಾನವಾಗಿ ಕುಡಿದಳು. ಕೂಟದ ಹೆಂಗಸರು ಒಬ್ಬೊಬ್ಬರಾಗಿ ಉಪದೇಶಿಯ ಹೆಂಡತಿಯನ್ನು ಬೈದರು. ಅಂಥವರು ಪ್ರತಿ ಸಭೆಯಲ್ಲೂ ಒಬ್ಬರು ಇರುತ್ತಾರೆ ಎಂದಳು ಒಬ್ಬಳು, ಇನ್ನೊಬ್ಬಳ ಕಡೆ ನೋಡುತ್ತ. ಆ ಸೋದರತ್ತೆಗೆ ಯಾರಾದರೂ ಓದಲು ಕಲಿಸಬೇಕಿತ್ತು ಎಂದಳು ಮತ್ತೊಬ್ಬಳು. ಪ್ರಿಸ್ಕಿಲ್ಲಳ ಕಣ್ಣು ಒದ್ದೆಯಾಗಿತ್ತು. ಅವಳಿಗೆ ಯಾರನ್ನೂ ಬೈಯುವುದು ಬೇಕಿರಲಿಲ್ಲ. ಕತೆಯ ಕೊನೆ ಬೇಕಾಗಿತ್ತು. ಅವಳು ಮುಂದಕ್ಕೆ ಸರಿದು ಕುಳಿತಳು.

“ಆಮೇಲೆ ಏನಾಯಿತು ಅಮ್ಮ? ಬಡಗಿ ಸಿಕ್ಕಿದನಾ? ಆ ಗೂನಿಗೆ ಮದುವೆ ಆಯಿತಾ?”

ಎಸ್ತೇರಮ್ಮ ಲೋಟ ಕೆಳಗಿಟ್ಟಳು.

“ಯಾವ ಗೂನಿಗೆ?”